ಪೆಂಡಾಲು ಬಿಚ್ಚುವ ಮೊದಲು

ಹೋದ ತಿಂಗಳು ನಮ್ಮ ಓಣಿಯಲ್ಲಿ ಒಂದು ಮದುವೆ ಇತ್ತು. ಪೆಂಡಾಲಿನವರು ಟ್ರ್ಯಾಕ್ಟರಿನಿಂದ ಬಟ್ಟೆಯ ಸುರುಳಿಗಳನ್ನು ಇಳಿಸಿ, ನಮ್ಮ ಮನೆಯ ಮುಂದೆಯೇ ಬಿಚ್ಚಿದರು. ಯಾವುದೋ ಊರಿನ ಮಳೆಯಲ್ಲಿ ತೊಯ್ದು, ಸರಿಯಾಗಿ ಒಣಗದೆ ಮಡಿಚಿಟ್ಟ ಬಟ್ಟೆ. ಮುಗ್ಗಲು ವಾಸನೆ, ಅದರ ಜೊತೆ ಧೂಳು, ಹಳೆಯ ಹಗ್ಗದ ವಾಸನೆ. ನನ್ನ ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಳು. ನಾನು ಮಾತ್ರ ಬಾಗಿಲಿಗೆ ಹೋಗಿ ನಿಂತೆ. ಬೇರೆಯವರಿಗೆ ಮಲ್ಲಿಗೆಯ ವಾಸನೆಗೆ ಯಾರಾದರೂ ನೆನಪಾಗುತ್ತಾರೆ, ನನಗೆ ಮುಗ್ಗಲು ಹಿಡಿದ ಪೆಂಡಾಲಿಗೆ ಕಾಕಾ ನೆನಪಾದರು. ಈ ಮಾತನ್ನು ಅವರಿಗೆ ಹೇಳಿದ್ದರೆ ಕೆಮ್ಮು ಬರುವವರೆಗೆ ನಗುತ್ತಿದ್ದರು.

ಕಾಕಾ ನನ್ನ ಸಂಬಂಧಿಯಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಗೋಕಾಕದ ಒಂದು ಪತ್ತಿನ ಸಂಘದಲ್ಲಿ ಗುಮಾಸ್ತನಾಗಿದ್ದೆ, ಇನ್ನೂ ಮದುವೆಯಾಗಿರಲಿಲ್ಲ. ಕೊಣ್ಣೂರಿನಲ್ಲಿ ಅವರ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮುಂದೆ ಅವರ ಅರಿವೆ ಅಂಗಡಿ, ಹಿಂದೆ ಮನೆ. ಜೈನರ ಮನೆ. ಕೋಣೆ ಕೊಡುವ ಮೊದಲು ಕಾಕೂ, ಅಂದರೆ ಅವರ ಹೆಂಡತಿ, ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಏನು ತಿನ್ನಬಾರದು, ಏನು ತರಬಾರದು ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಕಾಕಾ ಅವರ ಬೆನ್ನ ಹಿಂದೆ ನಿಂತು, ಎಲ್ಲದಕ್ಕೂ ಹೂಂ ಅನ್ನು ಎಂದು ಕಣ್ಣು ಮಿಟುಕಿಸುತ್ತಿದ್ದರು. ಹೂಂ ಅಂದೆ.

ನನಗೆ ಬೆಳಿಗ್ಗೆ ಎದ್ದು ಓಡುವ ಹುಚ್ಚಿತ್ತು. ಬಹುಮಾನದ ಆಸೆಯೇನೂ ಇರಲಿಲ್ಲ, ಅಂಥ ಕಾಲುಗಳೂ ನನ್ನವಲ್ಲ. ಘಟಪ್ರಭೆಯ ಕಡೆಗೆ ಹೋಗುವ ರಸ್ತೆಯಲ್ಲಿ ಕಬ್ಬಿನ ಗದ್ದೆಗಳ ನಡುವೆ ಒಂದು ಸುತ್ತು ಓಡಿ ಬಂದರೆ ಸಂಘದ ಕುರ್ಚಿಯಲ್ಲಿ ದಿನವಿಡೀ ಕೂತುಕೊಳ್ಳಲು ಧೈರ್ಯ ಬರುತ್ತಿತ್ತು. ಆದರೆ ಆಗೆಲ್ಲ ಸುಮ್ಮನೆ ಓಡುವವರು ಯಾರೂ ಇರಲಿಲ್ಲ. ಎದುರಿಗೆ ಸಿಕ್ಕ ಪ್ರತಿಯೊಬ್ಬರೂ ಪೊಲೀಸ್ ಭರ್ತಿ ಇದೆಯೇ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಮಿಲ್ಟ್ರಿಯೇ ಎನ್ನುತ್ತಿದ್ದರು. ಅದೂ ಇಲ್ಲ ಎಂದರೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಪಾಪ ಎಂದುಕೊಂಡು ಹೋಗುತ್ತಿದ್ದರು.

ಕಾಕಾನಿಗೆ ಆಗಲೇ ಐವತ್ತು ದಾಟಿತ್ತು. ಸಕ್ಕರೆ ಕಾಯಿಲೆ ಬಂತು. ದಿನಾಲೂ ನಡೆಯಿರಿ ಎಂದು ಡಾಕ್ಟರು ಹೇಳಿದರು. ಒಂದು ವಾರ ನಡೆದರು. ಆಮೇಲೆ ಒಂದು ಬೆಳಿಗ್ಗೆ ನಾನು ಬೂಟಿನ ದಾರ ಕಟ್ಟುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತು, "ನಡಿ, ನಾನೂ ಓಡ್ತೇನಿ" ಎಂದರು.

"ಡಾಕ್ಟರು ನಡೀರಿ ಅಂದಾರಲ್ರಿ ಕಾಕಾ?"

"ನಡದ್ರ ಮಂದಿ ನಿಲ್ಲಿಸಿ ಮಾತಾಡಸ್ತಾರೋ ತಮ್ಮಾ. ಒಬ್ಬಾಂವ ಸೀರಿ ರೇಟ ಕೇಳ್ತಾನ, ಇನ್ನೊಬ್ಬಾಂವ ಮಗಳಿಗೆ ವರಾ ಕೇಳ್ತಾನ. ಓಡಿದ್ರ ಹೆದರಿ ಹಾದಿ ಬಿಡ್ತಾರ."

ಹೀಗೆ ಶುರುವಾಯಿತು. ಅದು ಓಟ ಎಂದು ಅವರು ಹೇಳಿದ್ದಕ್ಕೆ ಓಟ ಎನ್ನಬೇಕು, ನೋಡಿದವರಿಗೆ ಬಸ್ಸು ತಪ್ಪಿದವರ ಅವಸರದ ನಡಿಗೆ ಎನಿಸುತ್ತಿತ್ತು. ಆದರೆ ನಿಲ್ಲುತ್ತಿರಲಿಲ್ಲ. ದೇವರಾಣೆಗೂ ನಿಲ್ಲುತ್ತಿರಲಿಲ್ಲ. ಕಾಕೂಗೆ ಮಾತ್ರ ತಲೆ ಎತ್ತಿ ತಿರುಗಾಡದಂತಾಗಿತ್ತು. ನಮ್ಮ ಅಂಗಡಿಯಲ್ಲಿ ಸೀರೆ ಕೊಳ್ಳುವ ಹೆಂಗಸರ ಎದುರು ಈ ವಯಸ್ಸಿನಲ್ಲಿ ಚಡ್ಡಿ ಹಾಕಿಕೊಂಡು ಓಡುವುದೇ ಎಂದು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೇ ಅಂಗಡಿಯ ಪಟ್ಟಾಪಟ್ಟಿ ಬಟ್ಟೆ ಹರಿದು, ಮೊಣಕಾಲಿನ ಕೆಳಗೆ ಬರುವಂತೆ ಒಂದು ಪ್ಯಾಂಟು ಹೊಲಿದು ಕೊಟ್ಟರು. ಅದನ್ನು ಹಾಕಿಕೊಂಡು ಓಡಿದರೆ ಊರ ನಾಯಿಗಳೆಲ್ಲ ಹಿಂದೆ ಬರುತ್ತಿದ್ದವು. ಕಾಕಾ ಅದಕ್ಕೂ ಖುಷಿ ಪಟ್ಟರು, ನಾಯಿ ಬಂದರೆ ಜೋರು ಓಡಲು ಬರುತ್ತದೆ ಎಂದು.

ಎಲ್ಲದರಲ್ಲೂ ಚೇಷ್ಟೆ ಮಾಡುವ ಈ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಕಲ್ಲಾಗಿದ್ದರು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ಮುನಿಗಳೊಬ್ಬರ ಮುಂದೆ ನೇಮ ತೆಗೆದುಕೊಂಡಿದ್ದರಂತೆ. ಸಂಜೆ ಗಿರಾಕಿಯ ಮುಂದೆ ಸೀರೆಗಳನ್ನು ಹರವಿ ಕೂತಿದ್ದರೂ, ಒಳಗಿನಿಂದ ಕಾಕೂನ ಬಳೆಯ ಸದ್ದು ಬಂದರೆ ಎದ್ದುಬಿಡುವರು. "ನೀವು ನೋಡ್ಕೋತ ಇರ್ರಿ, ನಾ ಉಂಡು ಬರ್ತೇನಿ." ಗಿರಾಕಿಗಳಿಗೂ ಅದು ರೂಢಿಯಾಗಿತ್ತು. ಮೋಡ ಮುಚ್ಚಿದ ದಿನವಂತೂ ಕಾಕೂ ಇನ್ನೂ ಬೇಗ ತಾಟು ಹಾಕುತ್ತಿದ್ದರು. ಮೋಡದ ಹಿಂದೆ ಸೂರ್ಯ ಯಾವಾಗ ಹೋದ ಎಂದು ಯಾರು ಕಂಡವರು, ಅನುಮಾನ ಬಂದ ಮೇಲೆ ಉಣ್ಣಬಾರದು ಎನ್ನುವುದು ಅವರ ಲೆಕ್ಕ. ಕುಡಿಯುವ ನೀರೂ ಅಷ್ಟೇ, ಮನೆಯಲ್ಲಿ ಬಿಳಿ ಬಟ್ಟೆಯಲ್ಲಿ ಸೋಸಿದ್ದೇ ಆಗಬೇಕು.

ಆಗ ನಮ್ಮ ಕಡೆ ಊರೂರಿಗೆ ಸಣ್ಣ ಸಣ್ಣ ಓಟದ ಸ್ಪರ್ಧೆಗಳಾಗುತ್ತಿದ್ದವು. ತರುಣ ಮಂಡಳದ ವಾರ್ಷಿಕೋತ್ಸವ, ಯಾರದೋ ಜಯಂತಿ, ಯಾವುದೋ ಸಂಘದ ಉದ್ಘಾಟನೆ, ಏನಾದರೊಂದು ನೆಪ. ಗೋಡೆಗೆ ಭಿತ್ತಿಪತ್ರ ಅಂಟಿಸುವರು. ಹತ್ತು ಕಿಲೋಮೀಟರ್ ಎಂದು ಬರೆದಿರುತ್ತಿತ್ತು. ಅದು ಎಂಟಾದರೂ ಆಗಬಹುದು, ಹನ್ನೆರಡಾದರೂ ಆಗಬಹುದು, ಅಳೆದವನ ಮೋಟಾರ್ ಸೈಕಲ್ಲಿನ ಮೇಲೆ ಹೋಗುತ್ತಿತ್ತು. ಎದೆಗೆ ಬಟ್ಟೆಯ ಚೂರಿನ ಮೇಲೆ ನಂಬರು. ಅತಿಥಿಗಳು ಬಂದು ಬಾವುಟ ಬೀಸುವವರೆಗೆ ಓಡುವಂತಿಲ್ಲ, ಅತಿಥಿಗಳು ಎಂದೂ ಹೇಳಿದ ಹೊತ್ತಿಗೆ ಬಂದವರಲ್ಲ. ಅರ್ಧ ದಾರಿಯಲ್ಲಿ, ತಿರುಗುವ ಜಾಗದಲ್ಲಿ ಒಬ್ಬ ಗುಲಾಲಿನ ತಟ್ಟೆ ಹಿಡಿದು ನಿಂತಿರುತ್ತಿದ್ದ. ಅಲ್ಲಿಯವರೆಗೆ ಹೋಗಿದ್ದಕ್ಕೆ ಗುರುತೆಂದು ಹಣೆಗೆ ಬಳಿಯುತ್ತಿದ್ದ. ಹಣೆ ಕೆಂಪಾಗದೆ ವಾಪಸು ಬಂದವನಿಗೆ ಬಹುಮಾನವಿಲ್ಲ. ಹಾದಿಯ ಹಳ್ಳಿಗಳಲ್ಲಿ ಹೆಂಗಸರು ಪ್ರೀತಿಯಿಂದ ಕೊಡ ಎತ್ತಿ ನಮ್ಮ ತಲೆಯ ಮೇಲೆಯೇ ಸುರಿಯುತ್ತಿದ್ದರು. ಮೇಲವಂಕಿಯ ಕಡೆಯ ಕೆಲವು ತರುಣರು ಬರಿಗಾಲಲ್ಲಿ ಬಂದು, ಮೊದಲ ಮೂರೂ ಸ್ಥಾನ ಹೊಡೆದು, ಗೆದ್ದ ಸ್ಟೀಲಿನ ಕೊಡವನ್ನು ಹೆಗಲ ಮೇಲೆ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ನಾನು ನಡುವೆ ಎಲ್ಲೋ ಬರುತ್ತಿದ್ದೆ. ಕಾಕಾ ಕಟ್ಟಕಡೆಗೆ.

ಕಡೆಗೆ ಬರುವುದರ ಬಗ್ಗೆ ಅವರಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಬೇರೆಯದಕ್ಕೆ. ಅವರು ಮುಟ್ಟುವ ಹೊತ್ತಿಗೆ ಅಲ್ಲಿ ಏನೂ ಇರುತ್ತಿರಲಿಲ್ಲ. ಗೋಕಾಕದ ಓಟ ಸಂತೆಯ ಬಯಲಲ್ಲಿ ಮುಗಿಯುತ್ತಿತ್ತು. ಕಾಕಾ ಬರುವಷ್ಟರಲ್ಲಿ ಸುಣ್ಣದ ಗೆರೆಯ ಮೇಲೆ ಒಬ್ಬಾಕೆ ಚೀಲ ಹಾಸಿ ಬದನೆಕಾಯಿ ಸುರಿದುಕೊಂಡು ಕೂತಿದ್ದಳು. ಗೆರೆ ದಾಟಬೇಕೆಂದರೆ ಬದನೆಕಾಯಿ ದಾಟಬೇಕು. ಅವರು ಸುತ್ತು ಹಾಕಿ ಆಕೆಯ ಬಾಜೂ ನಿಂತು, ಅರ್ಧ ಕಿಲೋ ಕೊಂಡು ಮನೆಗೆ ಬಂದರು. ಮೂಡಲಗಿಯಲ್ಲಿ ಇನ್ನೂ ಕೆಟ್ಟದಾಯಿತು. ಪೆಂಡಾಲು ಪೂರ್ತಿ ಬಿಚ್ಚಿ, ಕೋಲುಗಳನ್ನು ಗಾಡಿಗೆ ಏರಿಸಿ ಆಗಿತ್ತು. ಹಗ್ಗ ಸುತ್ತುತ್ತಿದ್ದ ಆಳು ಒಬ್ಬನೇ ಇದ್ದ. ಏದುಸಿರು ಬಿಡುತ್ತ ಬಂದು ನಿಂತ ಕಾಕಾನನ್ನು ನೋಡಿ ಅವನು ಮರ್ಯಾದೆಯಿಂದಲೇ ಕೇಳಿದನಂತೆ, "ಯಾರು ಬೇಕಾಗಿತ್ರಿ ನಿಮಗ?"

ಇದನ್ನು ಕಾಕಾ ತಿಂಗಳುಗಟ್ಟಲೆ ಅಂಗಡಿಯಲ್ಲಿ ಹೇಳಿಕೊಂಡು ನಕ್ಕರು. ಗಿರಾಕಿಗಳನ್ನು ನಗಿಸಿದರು. ಆದರೆ ಅವತ್ತು ಮೂಡಲಗಿಯಿಂದ ವಾಪಸು ಬರುವ ಬಸ್ಸಿನಲ್ಲಿ ಅವರು ನಗಲಿಲ್ಲ. ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಹಣೆಯ ಗುಲಾಲು ಇನ್ನೂ ಹಾಗೇ ಇತ್ತು, ಒರೆಸಿಕೊಂಡಿರಲಿಲ್ಲ.

"ಬಕ್ಷೀಸ ಬ್ಯಾಡೋ ನನಗ," ಎಂದರು ಕಡೆಗೆ. "ಪೆಂಡಾಲ ಬಿಚ್ಚೂದ್ರೊಳಗ ಒಮ್ಮ್ಯಾರ ಮುಟ್ಟಬೇಕು. ಬಂದ್ಯಾ ಅಂತ ಯಾರರ ಒಬ್ರು ಅನ್ನಬೇಕು."

ನಾನು ಏನೋ ಸಮಾಧಾನ ಹೇಳಿದೆ, ಏನೆಂದು ಈಗ ನೆನಪಿಲ್ಲ... ಆದರೆ ಅವರ ಧ್ವನಿ ನೆನಪಿದೆ. ಅಷ್ಟು ದೊಡ್ಡ ಅಂಗಡಿ, ಊರಲ್ಲಿ ಅಷ್ಟು ಮಾನ ಇದ್ದ ಮನುಷ್ಯನಿಗೆ ಬೇಕಾಗಿದ್ದದ್ದು ಇಷ್ಟೇ ಎಂದು ಆಶ್ಚರ್ಯವಾಯಿತು. ಆಮೇಲೆ ಯೋಚಿಸಿದರೆ, ಅದು ಸಣ್ಣ ಆಸೆಯೇನಲ್ಲ ಅನಿಸಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಬಸ್ಸಿನ ಧೂಳಿನ ನೆಪ ಮಾಡಿಕೊಂಡೆ.

ಅಂದಿನಿಂದ ಅವರು ನಿಜವಾಗಿ ಶ್ರಮಪಟ್ಟರು. ಬೆಳಿಗ್ಗೆ ನನಗಿಂತ ಮೊದಲು ಎದ್ದು ಮೆಟ್ಟಿಲು ಬಡಿಯುತ್ತಿದ್ದರು. ಮಳೆ ಬಂದರೂ ಬಿಡಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಬಾಗಿಲ ಚೌಕಟ್ಟು ಹಿಡಿದು ಕಾಲು ಎಳೆದುಕೊಳ್ಳುತ್ತಿದ್ದರು. "ನಿಮ್ಮ ಕಾಕಾಗ ತಲಿ ಕೆಟ್ಟೈತಿ, ನೀ ಕೆಡಿಸಿದಿ" ಎಂದು ಕಾಕೂ ನನಗೇ ಬೈಯುತ್ತಿದ್ದರು. ಬೈದುಕೊಂಡೇ ಬಾಟಲಿಗೆ ಸೋಸಿದ ನೀರು ತುಂಬಿ ಕೊಡುತ್ತಿದ್ದರು. ಒಂದು ಓಟಕ್ಕೂ ಅವರು ಬಂದವರಲ್ಲ.

ಹುಕ್ಕೇರಿಯ ಓಟ ಶ್ರಾವಣದಲ್ಲಿ ಬಂತು. ಹುಕ್ಕೇರಿ ಕಾಕೂನ ತವರೂರು. ಹಾಗಾಗಿ ಅವರೂ ನಮ್ಮ ಜೊತೆಗೆ ಬಸ್ಸು ಹತ್ತಿದರು, ಓಟ ನೋಡಲಿಕ್ಕಲ್ಲ, ಅಣ್ಣನ ಮನೆಗೆ ಎಂದು ಎರಡು ಮೂರು ಸಲ ಹೇಳಿಕೊಂಡರು. ಮಧ್ಯಾಹ್ನ ಓಟ, ಓಡಿ ಬಂದು ಹಗಲಿರುವಾಗಲೇ ಊಟ ಮುಗಿಸಬಹುದು ಎಂಬ ಲೆಕ್ಕ. ಆದರೆ ಅತಿಥಿಗಳು ಬರಲಿಲ್ಲ. ಬೇರೆ ಯಾವುದೋ ಊರಲ್ಲಿ ಇನ್ನೊಂದು ಕಾರ್ಯಕ್ರಮವಿತ್ತಂತೆ. ನಾವು ಎದೆಗೆ ನಂಬರು ಹಚ್ಚಿಕೊಂಡು ತಾಸುಗಟ್ಟಲೆ ನಿಂತೆವು. ಆಕಾಶದ ತುಂಬ ಬೂದು ಮೋಡ.

ನನಗೆ ಆತಂಕವಾಯಿತು. ಕಾಕಾ ಮಧ್ಯಾಹ್ನ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ್ದರು. ಗುಳಿಗೆ ತಗೊಂಡು ಹಸಿದ ಹೊಟ್ಟೆಯಲ್ಲಿ ಓಡಬಾರದು, ಸಕ್ಕರೆ ಇಳಿದರೆ ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. "ಕಾಕಾ, ಇವತ್ತ ಬಿಡ್ರಿ. ಮನಿಗೆ ಹೋಗಿ ಉಣ್ರಿ" ಎಂದೆ.

ಅವರು ಗುಂಪಿನಲ್ಲಿದ್ದ ಒಬ್ಬ ದಪ್ಪ ಮನುಷ್ಯನನ್ನು ಕಣ್ಣಲ್ಲೇ ತೋರಿಸಿದರು. ಯಾವುದೋ ಕಚೇರಿಯ ಸಾಹೇಬರಿರಬೇಕು, ಹೊಟ್ಟೆ ಅಂಗಿಯ ಗುಂಡಿ ಕೀಳುವಂತಿತ್ತು. "ಇವತ್ತ ಕಡೀ ನಂಬರ ನಂದಲ್ಲ ನೋಡು," ಎಂದು ಪಿಸುಗುಟ್ಟಿದರು. ಅವರ ಮುಖದಲ್ಲಿ ಅಷ್ಟು ಉಮೇದು ಇದ್ದಾಗ ಇನ್ನೇನು ಹೇಳುವುದು... ಬಾವುಟ ಬೀಸಿದರು, ಓಡಿದೆವು.

ಆ ದಪ್ಪ ಸಾಹೇಬರು ಗುಲಾಲಿನವನ ತನಕವೂ ಹೋಗಲಿಲ್ಲ. ನಾನು ವಾಪಸು ಬರುತ್ತಿದ್ದಾಗ ಯಾರದೋ ಸ್ಕೂಟರಿನ ಹಿಂದೆ ಕೂತು, ಎಲ್ಲರಿಗೂ ಕೈ ಬೀಸುತ್ತ ದಾಟಿ ಹೋದರು. ಅದಕ್ಕೂ ಸ್ವಲ್ಪ ಮುಂಚೆ ಎದುರಿಗೆ ಕಾಕಾ ಸಿಕ್ಕಿದ್ದರು, ಇನ್ನೂ ಹೋಗುವ ದಾರಿಯಲ್ಲೇ ಇದ್ದರು. ಕೈ ಎತ್ತಿ, ನೀ ನಡಿ ಎಂದು ಸನ್ನೆ ಮಾಡಿದರು.

ನಾನು ಮುಟ್ಟಿದಾಗ ಬಹುಮಾನ ಹಂಚುವುದು ಅರ್ಧ ಮುಗಿದಿತ್ತು. ಮಳೆ ಬರುವ ಸೂಚನೆ ಕಂಡು ಅತಿಥಿಗಳು ಭಾಷಣವನ್ನೂ ನುಂಗಿಕೊಂಡು ಹೋದರು. ಪೆಂಡಾಲಿನವರಿಗೆ ಅದೇ ಸಂಜೆ ಇನ್ನೊಂದು ಹಳ್ಳಿಯಲ್ಲಿ ಕೆಲಸವಿತ್ತು. ಮೈಕು ಹೋಯಿತು, ಕುರ್ಚಿ ಹೋದವು, ಸುತ್ತಲಿನ ಬಟ್ಟೆ ಇಳಿಯಿತು. ಆಗ ಕಾಕೂ ಬಂದರು, ಕೈಯಲ್ಲಿ ಊಟದ ಡಬ್ಬಿ. ಹೊತ್ತಾಗುತ್ತಿದೆ ಎಂದು ಅಣ್ಣನ ಮನೆಯಿಂದ ನಡೆದುಕೊಂಡೇ ಬಂದಿದ್ದರು. ಎಲ್ಲಿ ಎಂದು ಕಣ್ಣಲ್ಲೇ ಕೇಳಿದರು. ಇನ್ನೂ ಬಂದಿಲ್ಲ ಎಂದೆ. ಅವರು ಒಮ್ಮೆ ಆಕಾಶ ನೋಡಿದರು, ಒಮ್ಮೆ ಬಿಚ್ಚುತ್ತಿರುವ ಪೆಂಡಾಲು ನೋಡಿದರು. ಚಪ್ಪಲಿ ಕಳಚಿ, ನೆಲದ ಮೇಲೆ ಉಳಿದಿದ್ದ ಜಮಖಾನೆಯ ನಟ್ಟನಡುವೆ ಹೋಗಿ ಕೂತುಬಿಟ್ಟರು.

ಪೆಂಡಾಲಿನ ಮುಖ್ಯಸ್ಥ ಬಂದ. "ಅಕ್ಕಾರ, ಏಳ್ರಿ. ಜಮಖಾನಿ ಸುತ್ತಬೇಕು."

"ಸುತ್ತು. ನಾ ಕುಂತಷ್ಟು ಬಿಟ್ಟು ಸುತ್ತು."

"ಎಲ್ಲಾ ಮುಗದೈತ್ರಿ."

"ನಮ್ಮನಿಯವ್ರು ಇನ್ನೂ ಬಂದಿಲ್ಲ. ಹ್ಯಾಂಗ ಮುಗೀತು?"

ಅವನು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನು ಎರಡು ಸಲ ಗೊಣಗಿ, ಮೂರನೆಯ ಸಲ ಹಗ್ಗವನ್ನು ಕೆಳಗೆ ಹಾಕಿ ಬೀಡಿ ಹಚ್ಚಿದ. ತಲೆಯ ಮೇಲಿನ ಬಟ್ಟೆ, ನಾಲ್ಕು ಕೋಲು, ಒಂದು ಜಮಖಾನೆ ಹಾಗೇ ಉಳಿದವು. ಕಾಕೂ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ರಸ್ತೆಯ ತಿರುವನ್ನೇ ನೋಡುತ್ತ ಕೂತಿದ್ದರು. ಓಟವೆಂದರೆ ಮೈ ಉರಿಯುತ್ತಿದ್ದ ಹೆಂಗಸು. ನೀವಾದರೂ ಉಣ್ಣಿರಿ, ಹೊತ್ತು ಮುಳುಗುತ್ತದೆ ಎಂದೆ. "ಅವ್ರನ್ನ ಬಿಟ್ಟು?" ಎಂದರು. ಹೋಗಿ ನೋಡಿಕೊಂಡು ಬರಲೇ ಎಂದು ಕೇಳಿದೆ. "ಬ್ಯಾಡ. ಅವ್ರ ಪಾಡಿಗೆ ಅವ್ರು ಬರ್ಲಿ" ಎಂದರು. ಮೂಡಲಗಿಯ ಬಸ್ಸಿನಲ್ಲಿ ಕಾಕಾ ಹೇಳಿದ ಮಾತು ಇವರಿಗೂ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ಯಾವಾಗ ಹೇಳಿಕೊಂಡಿದ್ದರೋ...

ಹೊತ್ತು ಹೋಯಿತು. ಮೋಡದ ಹಿಂದೆ ಅದು ಯಾವಾಗ ಹೋಯಿತೋ ನೋಡಲಾಗಲಿಲ್ಲ, ಆದರೆ ಹೋಗಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ರಸ್ತೆಯ ಆಚೆ ಅಂಗಡಿಗಳಲ್ಲಿ ಒಂದೊಂದೇ ದೀಪ ಹತ್ತಿದವು. ಕಾಕೂ ಡಬ್ಬಿಯನ್ನು ತೊಡೆಯಿಂದ ತೆಗೆದು ಪಕ್ಕಕ್ಕೆ ಇಟ್ಟರು.

ಆಗ ತಿರುವಿನಲ್ಲಿ ಪಟ್ಟಾಪಟ್ಟಿ ಪ್ಯಾಂಟು ಕಾಣಿಸಿತು. ಹಣೆಯ ಗುಲಾಲು ಬೆವರಲ್ಲಿ ಕರಗಿ ಮೂಗಿನ ಮೇಲೆ, ಮೀಸೆಯ ಮೇಲೆ ಇಳಿದಿತ್ತು. ತಲೆ ತಗ್ಗಿಸಿಕೊಂಡು, ರಸ್ತೆಯನ್ನೇ ನೋಡುತ್ತ ಬರುತ್ತಿದ್ದರು. ಮುಂದೆ ಏನೂ ಇರುವುದಿಲ್ಲ ಎಂದು ಗೊತ್ತಿದ್ದವರು ಹಾಗೆಯೇ ಬರುತ್ತಾರೆ. ಹತ್ತಿರ ಬಂದು ತಲೆ ಎತ್ತಿದರು. ಪೆಂಡಾಲು ನೋಡಿದರು. ಒಂದು ಕ್ಷಣ ನಿಂತೇಬಿಟ್ಟರು. ಆಮೇಲೆ ಓಡಿದರು, ನಾನು ಎಂದೂ ನೋಡದ ಹಾಗೆ ಓಡಿದರು. ಅಳಿಸಿಹೋದ ಸುಣ್ಣದ ಗೆರೆಯನ್ನು ಎರಡು ಕಾಲಿನಲ್ಲೂ ತುಳಿದು ಒಳಗೆ ಬಂದು, "ಪೆಂಡಾಲ ಐತಿ! ಏ, ಪೆಂಡಾಲ ಐತಿ!" ಎಂದರು.

"ಬಂದ್ರ್ಯಾ?" ಎಂದರು ಕಾಕೂ. ಅಷ್ಟೇ.

ಕಾಕಾ ಜಮಖಾನೆಯ ಮೇಲೆ ಕೂತರು. ನಗುತ್ತಿದ್ದರು. ನಗುತ್ತಿದ್ದಂತೆಯೇ ಕೈ ನಡುಗತೊಡಗಿತು. ಮೈಯೆಲ್ಲ ತಣ್ಣನೆಯ ಬೆವರು. ಏನೋ ಹೇಳಲು ಹೋದರು, ಮಾತು ತೊದಲಿತು. ಕಣ್ಣು ಮುಚ್ಚಿ ಪಕ್ಕಕ್ಕೆ ವಾಲಿದರು. ಓಡಿದವರಿಗೆಂದು ಇಟ್ಟಿದ್ದ ಬುಟ್ಟಿಯಲ್ಲಿ ಶೇಂಗಾ, ಬೆಲ್ಲ ಉಳಿದಿತ್ತು. ಒಂದು ಹಿಡಿ ಬೆಲ್ಲ ತಂದು ಅವರ ಬಾಯಿಯ ಹತ್ತಿರ ಹಿಡಿದೆ. ಅವರು ತುಟಿ ಬಿಗಿ ಹಿಡಿದು ಮುಖ ತಿರುಗಿಸಿದರು.

"ಬ್ಯಾಡ... ಹೊತ್ತ ಮುಣಗೇತಿ."

ನಾನು ಬೇಡಿಕೊಂಡೆ. ಜೀವದ ಪ್ರಶ್ನೆ ಎಂದೆ. ಅವರು ಕಣ್ಣು ಮುಚ್ಚಿಕೊಂಡೇ ತಲೆ ಅಲ್ಲಾಡಿಸಿದರು. ಪೆಂಡಾಲಿನವನು ಬೀಡಿ ಎಸೆದು ಓಡಿ ಬಂದ. ಕಾಕೂ ನನ್ನ ಕೈಯಿಂದ ಬೆಲ್ಲ ತೆಗೆದುಕೊಂಡರು. ಒಮ್ಮೆ ಪಡುವಣದ ಕಡೆ ನೋಡಿದರು. ಅಲ್ಲಿ ಬರೀ ಕಪ್ಪು ಮೋಡ.

"ಮುಣಗಿಲ್ಲ," ಎಂದರು. ಧ್ವನಿ ಸ್ವಲ್ಪವೂ ನಡುಗಲಿಲ್ಲ. "ಮೋಡ ಸರದೈತಿ. ಸೂರ್ಯಾ ಕಾಣಾಕತ್ತಾನ. ಬಾಯಿ ತಗೀರಿ."

ನಾನು ಅರಿವಿಲ್ಲದೆ ಪಡುವಣಕ್ಕೆ ತಿರುಗಿ ನೋಡಿದೆ. ಪೆಂಡಾಲಿನವನೂ ನೋಡಿದ.

"ಖರೆ?" ಎಂದರು ಕಾಕಾ.

"ನಾ ಎಂದರ ನಿಮಗ ಸುಳ್ಳ ಹೇಳೇನೇನು?"

ಕಾಕಾ ಬಾಯಿ ತೆರೆದರು. ಕಾಕೂ ಬೆಲ್ಲದ ಚೂರು ಇಟ್ಟರು, ಬಾಟಲಿಯಲ್ಲಿ ಉಳಿದಿದ್ದ ಸೋಸಿದ ನೀರು ಹಾಕಿದರು. ಮತ್ತೊಂದು ಚೂರು, ಮತ್ತೊಂದು. ನನಗೆ ಎಷ್ಟು ಹೊತ್ತು ಎಂದು ತಿಳಿಯಲಿಲ್ಲ. ಕೈಯ ನಡುಕ ನಿಂತಿತು. ಕಣ್ಣು ಬಿಟ್ಟರು. ಅಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. "ಈಗ ಮುಣಗೇತಿ," ಎಂದು ಕಾಕೂ ಸಹಜವಾಗಿ ಹೇಳಿ ಡಬ್ಬಿಯನ್ನು ಚೀಲಕ್ಕೆ ಹಾಕಿದರು. ಹತ್ತಿರದ ಡಾಕ್ಟರಿಗೆ ತೋರಿಸಿದೆವು. ಅವರು ಮೂವರಿಗೂ ಸೇರಿಸಿ ಬೈದರು. ಕಾಕಾನಿಗೆ ಅದ್ಯಾವುದೂ ಕಿವಿಗೆ ಹೋಗಲಿಲ್ಲ. ಪೆಂಡಾಲೂ ಸಿಕ್ಕಿತು, ಹೊತ್ತೂ ಸಿಕ್ಕಿತು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಅವರು ನಾಲ್ಕು ಹೆಜ್ಜೆ ಮುಂದೆ ಹೋದಾಗ ಕಾಕೂ ನನ್ನ ಕಡೆ ತಿರುಗಿ, ಮೆಲ್ಲಗೆ, "ನೀ ಏನೂ ಹೇಳಬ್ಯಾಡ" ಎಂದರು. ಜಮಖಾನೆಯ ವಿಷಯವೋ, ಸೂರ್ಯನ ವಿಷಯವೋ, ನಾನು ಕೇಳಲಿಲ್ಲ. ಎರಡನ್ನೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಬೆಳಗಿನ ಓಟಕ್ಕೆ ಮಾತ್ರ ಹೋಗಬೇಕು, ಜೇಬಿನಲ್ಲಿ ಕಲ್ಲುಸಕ್ಕರೆ ಇರಬೇಕು ಎಂದು ಕಾಕೂ ಕಾನೂನು ಮಾಡಿದರು. ಕಾಕಾ ಇನ್ನೂ ಕೆಲವು ವರ್ಷ ಓಡಿದರು. ಮತ್ತೆ ಎಲ್ಲಿಯೂ ಅವರಿಗೆ ಪೆಂಡಾಲು ಸಿಗಲಿಲ್ಲ. ಅದರ ಚಿಂತೆಯೂ ಹೋಗಿತ್ತು. "ಹುಕ್ಕೇರ್ಯಾಗ ಮುಟ್ಟೇನಲ್ಲ" ಎಂದು ಸೀರೆ ಮಡಿಚುತ್ತ ಗಿರಾಕಿಗಳಿಗೆ ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಒಳಗೆ ಕಾಕೂನ ಬಳೆಯ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು.

ಆಮೇಲೆ ನನಗೆ ಮೂಡಲಗಿಯ ಶಾಖೆಗೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದವು. ಓಟ ನಡಿಗೆಯಾಯಿತು. ಕಾಕಾ ಒಂದು ಚಳಿಗಾಲದಲ್ಲಿ ಸ್ವಲ್ಪ ದಿನ ಮಲಗಿ ತೀರಿಕೊಂಡರು. ಹೋಗಿ ಬಂದೆ. ಕಾಕೂನ ಜೊತೆ ಮಾತಾಡಲು ಆಗಲಿಲ್ಲ, ಜನರಿದ್ದರು. ನಮ್ಮಪ್ಪ ಹೋದಾಗ ಅತ್ತಷ್ಟೇ ಅವತ್ತೂ ಅತ್ತೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆಮೇಲೆ ಕೊಣ್ಣೂರಿಗೆ ಹೋಗುವುದೂ ಕಡಿಮೆಯಾಗುತ್ತ ಬಂತು...

ಆ ಮುಗ್ಗಲು ವಾಸನೆ ಎರಡು ದಿನವಾದರೂ ಮೂಗಿನಿಂದ ಹೋಗಲಿಲ್ಲ. ರವಿವಾರ ಬಸ್ಸು ಹತ್ತಿದೆ. ಬರಿಗೈಯಲ್ಲಿ ಹೋಗಬಾರದೆಂದು ಗೋಕಾಕದಲ್ಲಿ ಇಳಿದು ಕರದಂಟು ಕೊಂಡೆ. ಅಂಗಡಿಗೆ ಈಗ ಗಾಜಿನ ಬಾಗಿಲು, ಮಗ ನೋಡಿಕೊಳ್ಳುತ್ತಾನೆ. ಕಾಕೂ ಒಳಗೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನೋಡಿದ ಕೂಡಲೇ ಗುರುತು ಹಿಡಿದು, ದಪ್ಪ ಆಗಿದ್ದೀ ಎಂದು ಬೈದರು. ಸೊಸೆ ಚಹಾ ತಂದಳು, ಕರದಂಟನ್ನು ತಟ್ಟೆಯಲ್ಲಿಟ್ಟು ಎಲ್ಲರಿಗೂ ಕೊಟ್ಟಳು. ಅತ್ತೆಯ ಮುಂದೆ ಮಾತ್ರ ಇಡಲಿಲ್ಲ. ನಾನೇ ಒಂದು ತುಂಡು ಎತ್ತಿ ಕೊಡಲು ಹೋದೆ.

"ಅತ್ತಿ ಬೆಲ್ಲದ್ದು ತಿನ್ನೂದಿಲ್ರಿ," ಎಂದಳು ಸೊಸೆ. "ನಾ ಈ ಮನಿಗೆ ಬಂದಾಗಿಂದ ನೋಡಿಲ್ಲ. ಹೋಳಿಗಿ ಮಾಡಿ ಎಲ್ಲಾರಿಗೂ ಹಾಕ್ತಾರ, ತಾವು ಬರೇ ಅನ್ನಾ ಉಣ್ತಾರ."

ಅವಳು ಒಳಗೆ ಹೋದ ಮೇಲೆ ನಾನು ಕಾಕೂನ ಮುಖ ನೋಡಿದೆ. ಅವರು ಅವರೆಕಾಯಿಯಿಂದ ಕಣ್ಣು ಎತ್ತಲಿಲ್ಲ.

"ಹುಕ್ಕೇರಿಯಿಂದ ಬಂದ ಮರುದಿನಾ ಬಸ್ತಿಗೆ ಹೋಗಿ ನೇಮಾ ಮಾಡಿದೆ," ಎಂದರು. "ಸುಳ್ಳ ಹೇಳಿದ ಬಾಯಿ. ಅದಕ್ಕ ಬೆಲ್ಲಾ ಯಾಕ ಬೇಕು?"

ಕೈಯಲ್ಲಿದ್ದ ಕರದಂಟಿನ ತುಂಡನ್ನು ತಟ್ಟೆಗೆ ವಾಪಸು ಇಟ್ಟೆ. ಇಷ್ಟು ವರ್ಷದ ಹಬ್ಬಗಳು, ಮಗನ ಮದುವೆ, ಮೊಮ್ಮಕ್ಕಳ ತೊಟ್ಟಿಲು. ಸುತ್ತಲೂ ಕಬ್ಬು ಬೆಳೆಯುವ ಊರಲ್ಲಿ. "ಕಾಕಾಗ ಗೊತ್ತಿತ್ತೇನ್ರಿ?" ಎಂದು ಕಡೆಗೆ ಕೇಳಿದೆ.

"ಸಕ್ಕರಿ ಬ್ಯಾನಿ ಅಲ್ಲೇನು ಅವ್ರಿಗೆ. ತಾವು ತಿನ್ನೂದಿಲ್ಲಂತ ನಾನೂ ಬಿಟ್ಟೇನಿ ಅಂದಕೊಂಡಿದ್ರು. ನಾನೂ ಹೂಂ ಅಂದೆ." ಅವರ ಕೈ ನಿಂತಿತು. "ಗೊತ್ತಾಗಿದ್ರ ಓಡೂದು ಬಿಡ್ತಿದ್ರು. ಪೆಂಡಾಲ ಕಂಡಾಗ ಅವ್ರ ಮಾರಿ ಹ್ಯಾಂಗಾಗಿತ್ತು... ನೀನೂ ನೋಡೀದಿ ಹೌದಿಲ್ಲೋ?"

ಹೌದು ಎಂದೆ. ಅವರು ತಲೆಯಾಡಿಸಿ ಮತ್ತೆ ಕಾಯಿ ಸುಲಿಯತೊಡಗಿದರು. ಕಾಕಾ ಇಲ್ಲ. ಆ ಮುಖವನ್ನು ನೆನಪಿಟ್ಟವರೆಂದು ಈಗ ಉಳಿದಿರುವವರು ನಾವಿಬ್ಬರೇ.